ಮನೆಯ ಆಸ್ತಿ ತೆರಿಗೆಯು ಹೆಚ್ಚಾಗಿ ನಿರ್ಧರಣೆಯಾದಲ್ಲಿ ಆಕ್ಷೇಪಣೆ ಮತ್ತು ಮೇಲ್ಮನವಿ ಸಲ್ಲಿಸುವ ವಿಧಾನ

(ನಗರ ಸ್ಥಳೀಯ ಸಂಸ್ಥೆಗಳ ವ್ಯಾಪ್ತಿಯ ಮನೆ ಮಾಲೀಕರ ಮಾಹಿತಿಗಾಗಿ)

1. ಪೀಠಿಕೆ

ಆಸ್ತಿ ತೆರಿಗೆಯು ನಗರ ಸ್ಥಳೀಯ ಸಂಸ್ಥೆಗಳ ಸ್ವಂತ ಸಂಪನ್ಮೂಲಗಳಲ್ಲಿ ಪ್ರಮುಖವಾದುದು. ಬೀದಿ ದೀಪ, ಒಳಚರಂಡಿ, ರಸ್ತೆ, ನೈರ್ಮಲ್ಯ ಮುಂತಾದ ಸೇವೆಗಳು ಬಹುಪಾಲು ಇದನ್ನೇ ಅವಲಂಬಿಸಿವೆ. ಆದುದರಿಂದ ತೆರಿಗೆಯನ್ನು ಸಕಾಲದಲ್ಲಿ ಪಾವತಿಸುವುದು ಪ್ರತಿಯೊಬ್ಬ ಮಾಲೀಕರ ಕರ್ತವ್ಯವಾಗಿರುತ್ತದೆ. ಅಂತೆಯೇ, ಕಾನೂನು ವಿಧಿಸಿರುವುದಕ್ಕಿಂತ ಹೆಚ್ಚಿನ ತೆರಿಗೆಯನ್ನು ಪಾವತಿಸಬೇಕಾದ ಹೊಣೆ ಯಾರಿಗೂ ಇರುವುದಿಲ್ಲ.

ಹೆಚ್ಚಿನ ಮೊತ್ತದ ಬೇಡಿಕೆ ನೋಟೀಸು ಕೈಸೇರಿದಾಗ ಮಾಲೀಕರು ಸಾಮಾನ್ಯವಾಗಿ ಎರಡು ತಪ್ಪುಗಳನ್ನು ಮಾಡುವುದು ಕಂಡುಬರುತ್ತದೆ. ಮೊದಲನೆಯದು, "ತೆರಿಗೆ ಬಹಳ ಹೆಚ್ಚಾಗಿದೆ, ಕಡಿಮೆ ಮಾಡಿಕೊಡಿ" ಎಂದು ಕಾರಣವನ್ನು ನಮೂದಿಸದೆ ಮನವಿ ಸಲ್ಲಿಸುವುದು. ಎರಡನೆಯದು, ಬೇಸರಗೊಂಡು ತೆರಿಗೆ ಪಾವತಿಯನ್ನೇ ನಿಲ್ಲಿಸುವುದು. ಮೊದಲನೆಯದರಿಂದ ಅರ್ಜಿ ತಿರಸ್ಕೃತವಾಗುತ್ತದೆ. ಎರಡನೆಯದರಿಂದ ಬಾಕಿಯೂ ಬಡ್ಡಿಯೂ ಬೆಳೆಯುತ್ತವೆ. ತೆರಿಗೆಯ ಮೊತ್ತವು ಸ್ವತ್ತಿಗೆ ಸಂಬಂಧಿಸಿದ ಕೆಲವೇ ವಿವರಗಳಿಂದ ಮೂಡಿಬರುವ ಲೆಕ್ಕವಾಗಿರುತ್ತದೆ. ಆ ವಿವರಗಳಲ್ಲಿ ಯಾವುದು ತಪ್ಪಾಗಿದೆ ಎಂಬುದನ್ನು ಗುರುತಿಸಿ, ದಾಖಲೆ ಸಹಿತ ರುಜುವಾತುಪಡಿಸುವುದೇ ಆಕ್ಷೇಪಣೆಯ ತಿರುಳು. ಈ ಲೇಖನದಲ್ಲಿ ಅದರ ಕ್ರಮವನ್ನು ವಿವರಿಸಲಾಗಿದೆ.

2. ಅನ್ವಯವಾಗುವ ಕಾನೂನು

ಅ) ಮಹಾನಗರ ಪಾಲಿಕೆಗಳು: ಕರ್ನಾಟಕ ಪೌರನಿಗಮಗಳ ಅಧಿನಿಯಮ, 1976.
ಆ) ನಗರಸಭೆ, ಪುರಸಭೆ ಮತ್ತು ಪಟ್ಟಣ ಪಂಚಾಯಿತಿಗಳು: ಕರ್ನಾಟಕ ಪೌರಸಭೆಗಳ ಅಧಿನಿಯಮ, 1964.
ಇ) ಗ್ರಾಮ ಪಂಚಾಯಿತಿಗಳು: ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993.

ಬೆಂಗಳೂರು ನಗರಕ್ಕೆ ಪ್ರತ್ಯೇಕ ಕಾನೂನು ಇರುತ್ತದೆ. ಅಲ್ಲಿ 2021ರ ಜನವರಿಯಿಂದ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಅಧಿನಿಯಮ, 2020 ಜಾರಿಯಲ್ಲಿತ್ತು; 2025ರ ಮೇ ತಿಂಗಳಿನಿಂದ ಗ್ರೇಟರ್ ಬೆಂಗಳೂರು ಆಡಳಿತ ಅಧಿನಿಯಮ, 2024 ಜಾರಿಗೆ ಬಂದಿದೆ. ಈ ಲೇಖನವು ಮುಖ್ಯವಾಗಿ ಮೇಲಿನ (ಅ) ಮತ್ತು (ಆ) ವರ್ಗಗಳಿಗೆ ಸೇರಿದ ಮನೆಗಳಿಗೆ ಸಂಬಂಧಿಸಿದೆ.

3. ತೆರಿಗೆಯನ್ನು ಲೆಕ್ಕ ಹಾಕುವ ಬಗೆ

ಹಿಂದೆ, ಮನೆಯನ್ನು ಬಾಡಿಗೆಗೆ ಕೊಟ್ಟರೆ ಬರಬಹುದಾದ ವಾರ್ಷಿಕ ಮೊತ್ತವನ್ನು ಅಧಿಕಾರಿಗಳು ಅಂದಾಜು ಮಾಡಿ, ಅದರ ಮೇಲೆ ತೆರಿಗೆ ವಿಧಿಸುತ್ತಿದ್ದರು. ಒಂದೇ ಬೀದಿಯ ಎರಡು ಸಮಾನ ಮನೆಗಳಿಗೆ ಬೇರೆ ಬೇರೆ ತೆರಿಗೆ ಬರುವ ದೂರು ಆಗ ಸಾಮಾನ್ಯವಾಗಿತ್ತು. ಬೆಂಗಳೂರಿನಲ್ಲಿ 2000ನೇ ಇಸವಿಯಲ್ಲಿ ಸ್ವಯಂ ಘೋಷಣಾ ಪದ್ಧತಿಯು ಆರಂಭವಾಯಿತು. ರಾಜ್ಯದ ಇತರೆ ನಗರ ಸ್ಥಳೀಯ ಸಂಸ್ಥೆಗಳಲ್ಲಿ 2002-03ನೇ ಸಾಲಿನಿಂದ ಬಂಡವಾಳ ಮೌಲ್ಯ ಆಧಾರಿತ ಸ್ವಯಂ ಘೋಷಿತ ಆಸ್ತಿ ತೆರಿಗೆ ಪದ್ಧತಿಯನ್ನು ಜಾರಿಗೊಳಿಸಲಾಯಿತು. ಇದರಂತೆ ಮಾಲೀಕರೇ ತಮ್ಮ ಸ್ವತ್ತಿನ ವಿವರಗಳನ್ನು ಘೋಷಿಸಿ ತೆರಿಗೆಯನ್ನು ಲೆಕ್ಕ ಹಾಕಿ ಪಾವತಿಸುತ್ತಾರೆ. ಸ್ಥಳೀಯ ಸಂಸ್ಥೆಗೆ ಅದನ್ನು ಪರಿಶೀಲಿಸುವ ಅಧಿಕಾರವಿರುತ್ತದೆ.

ಲೆಕ್ಕದ ಹಂತಗಳು ಸಂಕ್ಷಿಪ್ತವಾಗಿ ಈ ಕೆಳಕಂಡಂತಿವೆ:

(1) ನಿವೇಶನದ ವಿಸ್ತೀರ್ಣವನ್ನು ಆ ಬೀದಿ ಅಥವಾ ಬಡಾವಣೆಯ ಮಾರ್ಗಸೂಚಿ ಬೆಲೆಯಿಂದ ಗುಣಿಸುವುದು.
(2) ಕಟ್ಟಡದ ವಿಸ್ತೀರ್ಣವನ್ನು ಆ ನಿರ್ಮಾಣ ದರ್ಜೆಯ ದರದಿಂದ ಗುಣಿಸಿ, ಕಟ್ಟಡದ ವಯಸ್ಸಿಗೆ ತಕ್ಕ ಸವಕಳಿಯನ್ನು ಕಳೆಯುವುದು.
(3) ಈ ಎರಡನ್ನೂ ಕೂಡಿ, ನಿಯಮದಂತೆ ಗೊತ್ತುಪಡಿಸಿದ ಶೇಕಡಾ ಭಾಗವನ್ನು ತೆರಿಗೆಗೆ ಒಳಪಡುವ ಬಂಡವಾಳ ಮೌಲ್ಯವೆಂದು ಪರಿಗಣಿಸುವುದು.
(4) ಆ ಮೌಲ್ಯದ ಮೇಲೆ ಉಪಯೋಗಕ್ಕನುಗುಣವಾಗಿ (ವಾಸ, ವಾಣಿಜ್ಯ, ಖಾಲಿ ನಿವೇಶನ) ಸ್ಥಳೀಯ ಸಂಸ್ಥೆಯು ಗೊತ್ತುಪಡಿಸಿದ ದರದಲ್ಲಿ ತೆರಿಗೆ ವಿಧಿಸುವುದು.
(5) ತೆರಿಗೆಯ ಮೊತ್ತದ ಮೇಲೆ ಆರೋಗ್ಯ, ಗ್ರಂಥಾಲಯ, ಭಿಕ್ಷುಕರ ಪರಿಹಾರ ಮುಂತಾದ ಉಪಕರಗಳನ್ನು ಸೇರಿಸುವುದು.

ಮಾರ್ಗಸೂಚಿ ಬೆಲೆಯನ್ನು ನಿಗದಿಪಡಿಸುವುದು ಸ್ಥಳೀಯ ಸಂಸ್ಥೆಯಲ್ಲ. ಕರ್ನಾಟಕ ಮುದ್ರಾಂಕ ಅಧಿನಿಯಮ, 1957ರ ಕಲಂ 45-ಬಿ ಅನ್ವಯ ರಚಿತವಾದ ಕೇಂದ್ರ ಮೌಲ್ಯಮಾಪನ ಸಮಿತಿಯು ಇದನ್ನು ನಿಗದಿಪಡಿಸುತ್ತದೆ. 2021ರ ಕಾನೂನು ತಿದ್ದುಪಡಿಯ ನಂತರ ಆಸ್ತಿ ತೆರಿಗೆಯನ್ನು ಪ್ರಚಲಿತ ಮಾರ್ಗಸೂಚಿ ಬೆಲೆಯೊಂದಿಗೆ ಜೋಡಿಸಲಾಗಿದೆ. ದಿನಾಂಕ 1-10-2023ರಿಂದ ರಾಜ್ಯದಲ್ಲಿ ಮಾರ್ಗಸೂಚಿ ಬೆಲೆಗಳು ಪರಿಷ್ಕೃತವಾದವು. ಹೀಗಾಗಿ ಮನೆಯಲ್ಲಿ ಯಾವ ಬದಲಾವಣೆಯನ್ನೂ ಮಾಡದಿದ್ದರೂ ತೆರಿಗೆ ಏರಿರುವ ಸಾಧ್ಯತೆ ಇರುತ್ತದೆ. ಎಲ್ಲರಿಗೂ ಸಮನಾಗಿ ಅನ್ವಯಿಸುವ ಇಂತಹ ಏರಿಕೆಯು ಬೇರೆ, ತಮ್ಮ ಒಂದು ಸ್ವತ್ತಿನ ದಾಖಲೆಯಲ್ಲಿರುವ ತಪ್ಪಿನಿಂದಾದ ಏರಿಕೆಯು ಬೇರೆ. ಈ ವ್ಯತ್ಯಾಸವನ್ನು ಮೊದಲು ತಿಳಿದುಕೊಳ್ಳುವುದು ಅವಶ್ಯ.

4. ತಪ್ಪುಗಳು ನುಸುಳುವ ಅಂಶಗಳು ಮತ್ತು ಅವುಗಳಿಗೆ ಬೇಕಾದ ಪುರಾವೆ

ಅ) ವಿಸ್ತೀರ್ಣ: ಕೆಡವಿದ ಹಳೆಯ ದನದ ಕೊಟ್ಟಿಗೆ, ತೆಗೆದುಹಾಕಿದ ಶೀಟಿನ ಮಾಡು ಇನ್ನೂ ದಾಖಲೆಯಲ್ಲಿ ಉಳಿದಿರುವುದು; ಉದ್ದ ಅಗಲದ ಅಂಕಿಗಳು ಅದಲು ಬದಲಾಗಿರುವುದು; ಚದರ ಮೀಟರ್ ಮತ್ತು ಚದರ ಅಡಿಗಳ ನಡುವಣ ಪರಿವರ್ತನೆ ತಪ್ಪಾಗಿರುವುದು. ಒಂದು ಚದರ ಮೀಟರ್ ಎಂದರೆ ಸುಮಾರು 10.76 ಚದರ ಅಡಿ. ಪುರಾವೆ: ಅನುಮೋದಿತ ಕಟ್ಟಡ ನಕ್ಷೆ, ಕ್ರಯಪತ್ರದ ಷೆಡ್ಯೂಲು, ಇಂಜಿನಿಯರರಿಂದ ಪಡೆದ ಅಳತೆ ನಕ್ಷೆ, ಛಾಯಾಚಿತ್ರಗಳು.

ಆ) ನಿರ್ಮಾಣದ ದರ್ಜೆ: ಮಂಗಳೂರು ಹೆಂಚಿನ ಅಥವಾ ಶೀಟಿನ ಮನೆಯನ್ನು ಆರ್.ಸಿ.ಸಿ. ಕಟ್ಟಡವೆಂದು ನಮೂದಿಸಿರುವುದು. ಪುರಾವೆ: ಛಾವಣಿ, ಗೋಡೆ ಮತ್ತು ನೆಲ ಕಾಣುವಂತೆ ತೆಗೆದ ಛಾಯಾಚಿತ್ರಗಳು.

ಇ) ಕಟ್ಟಡದ ವಯಸ್ಸು: ನಿರ್ಮಾಣದ ವರ್ಷವನ್ನು ಖಾಲಿ ಬಿಟ್ಟಿರುವುದು ಅಥವಾ ಖಾತೆ ಬದಲಾವಣೆಯಾದ ವರ್ಷವನ್ನೇ ನಿರ್ಮಾಣದ ವರ್ಷವೆಂದು ಬರೆದಿರುವುದು. ಇದರಿಂದ ಸವಕಳಿಯು ಕೈತಪ್ಪುತ್ತದೆ. ಪುರಾವೆ: ಕಟ್ಟಡ ಪರವಾನಗಿ, ಹಳೆಯ ಕಂದಾಯ ರಸೀದಿ, ಮೊದಲ ವಿದ್ಯುತ್ ಅಥವಾ ನಲ್ಲಿ ಸಂಪರ್ಕದ ದಾಖಲೆ.

ಈ) ಉಪಯೋಗ: ಹಿಂದೆ ಒಂದು ಕೊಠಡಿಯಲ್ಲಿ ಅಂಗಡಿ ಇದ್ದು, ಅದನ್ನು ಮುಚ್ಚಿದ ನಂತರವೂ ಸ್ವತ್ತು ವಾಣಿಜ್ಯ ಎಂದೇ ಮುಂದುವರಿದಿರುವುದು, ಒಂದು ಕೊಠಡಿಯ ಕಾರಣದಿಂದ ಇಡೀ ಮನೆಗೆ ವಾಣಿಜ್ಯ ದರ ಹಾಕಿರುವುದು. ಪುರಾವೆ: ಉದ್ದಿಮೆ ಪರವಾನಗಿ ರದ್ದಾದ ಪತ್ರ, ಗೃಹಬಳಕೆಯ ವಿದ್ಯುತ್ ಬಿಲ್ಲು, ಸ್ಥಳದ ಛಾಯಾಚಿತ್ರ.

ಉ) ಬೀದಿ: ಅಡ್ಡರಸ್ತೆಯ ಮನೆಗೆ ಮುಖ್ಯರಸ್ತೆಯ ಮಾರ್ಗಸೂಚಿ ಬೆಲೆಯನ್ನು ಅನ್ವಯಿಸಿರುವುದು. ಪುರಾವೆ: ಚೆಕ್ಕುಬಂದಿ ವಿವರ, ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಅಥವಾ ಕಾವೇರಿ ತಂತ್ರಾಂಶದಲ್ಲಿ ದೊರೆಯುವ ಮಾರ್ಗಸೂಚಿ ಬೆಲೆಯ ಪ್ರತಿ.

ಊ) ಪಾವತಿಯ ಜಮೆ: ಪಾವತಿಸಿದ ಹಣವು ಬೇರೆ ಸ್ವತ್ತಿನ ಸಂಖ್ಯೆಗೆ ಜಮೆಯಾಗಿ, ಬಾಕಿ ಇದೆಯೆಂದು ತೋರಿಸಿರುವುದು. ಇದು ಮೌಲ್ಯದ ತಪ್ಪಲ್ಲ. ಆದರೂ ಬೇಡಿಕೆ ಏರಲು ಕಾರಣವಾಗುತ್ತದೆ. ಪುರಾವೆ: ಹಿಂದಿನ ವರ್ಷಗಳ ರಸೀದಿ ಮತ್ತು ಬ್ಯಾಂಕ್ ಚಲನ್.

5. ಒಂದು ಉದಾಹರಣೆ

ಕೆಳಗಿನ ದರಗಳು ಲೆಕ್ಕವನ್ನು ವಿವರಿಸುವ ಸಲುವಾಗಿ ಊಹಿಸಿಕೊಂಡವು. ತಮ್ಮ ಊರಿನ ದರಗಳನ್ನು ಸ್ಥಳೀಯ ಸಂಸ್ಥೆಯಿಂದಲೇ ಪಡೆಯತಕ್ಕದ್ದು.

ಪುರಸಭೆಯೊಂದರ ವ್ಯಾಪ್ತಿಯಲ್ಲಿ ನಿವೃತ್ತಿ ವೇತನದ ಮೇಲೆ ಜೀವನ ಸಾಗಿಸುವ ಮಹಿಳೆಯೊಬ್ಬರ ಮನೆ ಇದೆಯೆಂದು ಭಾವಿಸೋಣ. ನಿವೇಶನ 30 x 40 ಅಡಿ, ಅಂದರೆ 1,200 ಚದರ ಅಡಿ. ಕಟ್ಟಡ 850 ಚದರ ಅಡಿ. ನಿವೇಶನದ ದರ ಚದರ ಅಡಿಗೆ ರೂ. 500, ಕಟ್ಟಡದ ದರ ರೂ. 1,000, ಸವಕಳಿ ಶೇಕಡಾ 20, ತೆರಿಗೆಗೆ ಒಳಪಡುವ ಭಾಗ ಶೇಕಡಾ 25, ವಾಸದ ದರ ಶೇಕಡಾ 0.5, ವಾಣಿಜ್ಯ ದರ ಶೇಕಡಾ 1.

ಸರಿಯಾದ ಲೆಕ್ಕ: ನಿವೇಶನ ರೂ. 6,00,000. ಕಟ್ಟಡ ರೂ. 8,50,000, ಸವಕಳಿ ಕಳೆದು ರೂ. 6,80,000. ಒಟ್ಟು ರೂ. 12,80,000. ಇದರ ಶೇಕಡಾ 25 ಎಂದರೆ ರೂ. 3,20,000. ತೆರಿಗೆ ರೂ. 1,600.

ಮೊದಲ ತಪ್ಪು: ಕೆಡವಿದ ಕೊಟ್ಟಿಗೆಯ 400 ಚದರ ಅಡಿ ದಾಖಲೆಯಲ್ಲಿ ಉಳಿದು, ಕಟ್ಟಡವು 1,250 ಚದರ ಅಡಿ ಎಂದಾಗಿದೆ. ತೆರಿಗೆ ರೂ. 2,000 ಆಗುತ್ತದೆ.

ಎರಡನೆಯ ತಪ್ಪು: ನಿರ್ಮಾಣದ ವರ್ಷ ನಮೂದಾಗದೆ ಸವಕಳಿಯನ್ನು ಕಳೆದಿಲ್ಲ. ತೆರಿಗೆ ರೂ. 2,312.50 ಆಗುತ್ತದೆ.

ಮೂರನೆಯ ತಪ್ಪು: ಮುಂಭಾಗದ ಕೊಠಡಿಯಲ್ಲಿ ಹಿಂದೆ ಇದ್ದ ಹೊಲಿಗೆ ಅಂಗಡಿಯ ಕಾರಣ ಇಡೀ ಸ್ವತ್ತಿಗೆ ವಾಣಿಜ್ಯ ದರ ಹಾಕಲಾಗಿದೆ. ತೆರಿಗೆ ರೂ. 4,625 ಆಗುತ್ತದೆ.

ಉಪಕರಗಳನ್ನು ಒಟ್ಟು ಶೇಕಡಾ 24 ಎಂದು ಹಿಡಿದರೆ, ರೂ. 1,984 ಪಾವತಿಸಬೇಕಾದವರು ರೂ. 5,735 ಪಾವತಿಸುವಂತಾಗುತ್ತದೆ. ವರ್ಷಕ್ಕೆ ರೂ. 3,751 ಹೆಚ್ಚು; ಮೂರು ವರ್ಷ ಗಮನಿಸದೆ ಬಿಟ್ಟರೆ ರೂ. 11,253. ಇವರು "ನಾನು ವಿಧವೆ, ಇಷ್ಟು ಕಟ್ಟಲು ಶಕ್ತಿಯಿಲ್ಲ" ಎಂದು ಮಾತ್ರ ಬರೆದರೆ ಅಧಿಕಾರಿಗಳು ಸಹಾನುಭೂತಿ ತೋರಬಹುದೇ ಹೊರತು ಮೌಲ್ಯವನ್ನು ಇಳಿಸಲು ಅವರಿಗೆ ಆಧಾರ ದೊರೆಯುವುದಿಲ್ಲ. ಅದೇ ಅರ್ಜಿಯಲ್ಲಿ ಮೂರು ತಪ್ಪುಗಳನ್ನು ಮೂರು ಕಂಡಿಕೆಗಳಲ್ಲಿ ಬರೆದು, ಅಳತೆ ನಕ್ಷೆ, ಹಳೆಯ ಕಂದಾಯ ರಸೀದಿ ಮತ್ತು ಉದ್ದಿಮೆ ಪರವಾನಗಿ ರದ್ದಾದ ಪತ್ರವನ್ನು ಲಗತ್ತಿಸಿದರೆ, ಪ್ರತಿಯೊಂದಕ್ಕೂ ಉತ್ತರ ನೀಡಬೇಕಾಗುತ್ತದೆ. ಒಂದು ಅಂಶ ತಿರಸ್ಕೃತವಾದರೂ ಉಳಿದವು ನಿಲ್ಲುತ್ತವೆ.

6. ತಮ್ಮ ಪ್ರಕರಣ ಯಾವ ಬಗೆಯದು?

ಅ) ತಾವೇ ಸಲ್ಲಿಸಿದ ಘೋಷಣೆಯಲ್ಲಿ ತಪ್ಪಾಗಿದ್ದಲ್ಲಿ: ಇದಕ್ಕೆ ಮೇಲ್ಮನವಿಯ ಅವಶ್ಯಕತೆ ಇಲ್ಲ. ಸರಿಯಾದ ವಿವರಗಳೊಂದಿಗೆ ತಿದ್ದುಪಡಿ ಕೋರಿ ಕಂದಾಯ ಶಾಖೆಗೆ ಅರ್ಜಿ ಸಲ್ಲಿಸುವುದು.

ಆ) ಸ್ಥಳೀಯ ಸಂಸ್ಥೆಯು ಪರಿಶೀಲನೆ ನಡೆಸಿ ತೆರಿಗೆ ಹೆಚ್ಚಿಸಿ ನೋಟೀಸು ನೀಡಿದ್ದಲ್ಲಿ: ನೋಟೀಸಿನಲ್ಲಿ ತಿಳಿಸಿದ ಅವಧಿಯೊಳಗೆ ಲಿಖಿತ ಆಕ್ಷೇಪಣೆ ಸಲ್ಲಿಸುವುದು. ಆದೇಶ ಹೊರಬಿದ್ದ ನಂತರ ಮಾತ್ರ ಮೇಲ್ಮನವಿಯ ಹಂತ ಬರುತ್ತದೆ.

ಇ) ಮಾರ್ಗಸೂಚಿ ಬೆಲೆಯೇ ಹೆಚ್ಚೆಂದು ಅನಿಸಿದಲ್ಲಿ: ಇದನ್ನು ಪುರಸಭೆಯಲ್ಲಿ ಪ್ರಶ್ನಿಸಿ ಪ್ರಯೋಜನವಿಲ್ಲ. ಕರಡು ಮಾರ್ಗಸೂಚಿ ಬೆಲೆಗಳು ಪ್ರಕಟವಾದಾಗ ಸಾರ್ವಜನಿಕರಿಂದ ಆಕ್ಷೇಪಣೆ ಮತ್ತು ಸಲಹೆಗಳನ್ನು ಆಹ್ವಾನಿಸಲಾಗುತ್ತದೆ; ಇದಕ್ಕೆ ಸಾಮಾನ್ಯವಾಗಿ 15 ದಿನಗಳ ಅವಕಾಶವಿರುತ್ತದೆ. ಆ ಅವಧಿಯಲ್ಲಿ ಉಪನೋಂದಣಾಧಿಕಾರಿಗಳ ಕಚೇರಿಗೆ ಲಿಖಿತವಾಗಿ ಸಲ್ಲಿಸುವುದು. ಬೀದಿಯ ನಿವಾಸಿಗಳು ಒಟ್ಟಾಗಿ ಸಲ್ಲಿಸುವುದು ಸೂಕ್ತ.

7. ಮೊದಲು ಮಾಡಬೇಕಾದ ಕೆಲಸ

(1) ನೋಟೀಸು ತಲುಪಿದ ದಿನಾಂಕವನ್ನು ಅದರ ಮೇಲೆಯೇ ಬರೆದಿಡುವುದು. ಅಂಚೆಯಲ್ಲಿ ಬಂದಿದ್ದರೆ ಲಕೋಟೆಯನ್ನೂ ಜೋಪಾನ ಮಾಡುವುದು. ಕಾಲಾವಧಿಯ ಎಣಿಕೆಗೆ ಇದೇ ಆಧಾರ.

(2) ಸ್ವತ್ತಿನ ಖಾತಾ ನಕಲು (ನಮೂನೆ-3) ಮತ್ತು ತೆರಿಗೆ ಲೆಕ್ಕದ ಪ್ರತಿಯನ್ನು ಪಡೆಯುವುದು.

(3) ಸ್ಥಳ ಪರಿಶೀಲನಾ ವರದಿಯನ್ನು ನೀಡದಿದ್ದಲ್ಲಿ ಮಾಹಿತಿ ಹಕ್ಕು ಅಧಿನಿಯಮ, 2005ರ ಅನ್ವಯ ರೂ. 10 ಶುಲ್ಕದೊಂದಿಗೆ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಅರ್ಜಿ ಸಲ್ಲಿಸುವುದು. ಉತ್ತರಕ್ಕೆ 30 ದಿನಗಳ ಅವಧಿ ಇರುತ್ತದೆ. ಆದರೆ ಈ ಮಾಹಿತಿಗಾಗಿ ಕಾಯುತ್ತಾ ಆಕ್ಷೇಪಣೆಯ ಅವಧಿಯನ್ನು ಕಳೆದುಕೊಳ್ಳಬಾರದು. ಲಭ್ಯವಿರುವ ದಾಖಲೆಗಳೊಂದಿಗೆ ಆಕ್ಷೇಪಣೆ ಸಲ್ಲಿಸಿ, ಹೆಚ್ಚುವರಿ ದಾಖಲೆ ಹಾಜರುಪಡಿಸಲು ಅನುಮತಿ ಕೋರತಕ್ಕದ್ದು.

(4) ಮನೆಯನ್ನು ತಾವೇ ಅಳೆದು, ದಾಖಲೆಯ ಅಂಕಿಗಳೊಂದಿಗೆ ಹೋಲಿಸಿ, ಲೆಕ್ಕವನ್ನು ಮೊದಲಿನಿಂದ ಹಾಕಿ ನೋಡುವುದು. ಲೆಕ್ಕ ಸರಿಯಾಗಿಯೇ ಇದ್ದಲ್ಲಿ ಆಕ್ಷೇಪಣೆಯಿಂದ ಫಲವಿಲ್ಲ. ಘೋಷಿಸದೆ ಬಿಟ್ಟ ಮಹಡಿ ಅಥವಾ ಕೊಠಡಿಗಳಿದ್ದಲ್ಲಿ, ಪರಿಶೀಲನೆಯ ವೇಳೆ ಅವೂ ಬೆಳಕಿಗೆ ಬಂದು ತೆರಿಗೆಯೊಂದಿಗೆ ದಂಡಕ್ಕೂ ಗುರಿಯಾಗಬೇಕಾದೀತು ಎಂಬುದನ್ನು ನೆನಪಿಡತಕ್ಕದ್ದು.

8. ಆಕ್ಷೇಪಣಾ ಅರ್ಜಿಯ ಮಾದರಿ

ಮಹಾನಗರ ಪಾಲಿಕೆಯಲ್ಲಿ ಆಯುಕ್ತರಿಗೆ, ನಗರಸಭೆಯಲ್ಲಿ ಪೌರಾಯುಕ್ತರಿಗೆ, ಪುರಸಭೆ ಮತ್ತು ಪಟ್ಟಣ ಪಂಚಾಯಿತಿಗಳಲ್ಲಿ ಮುಖ್ಯಾಧಿಕಾರಿಗಳಿಗೆ ಅರ್ಜಿಯನ್ನು ಬರೆಯುವುದು.

"ವಿಷಯ: ಸ್ವತ್ತಿನ ಸಂಖ್ಯೆ ........ ವಾರ್ಡ್ ಸಂಖ್ಯೆ ........ ರ ........ ನೇ ಸಾಲಿನ ಆಸ್ತಿ ತೆರಿಗೆ ನಿರ್ಧರಣೆಗೆ ಆಕ್ಷೇಪಣೆ.

ಉಲ್ಲೇಖ: ತಮ್ಮ ನೋಟೀಸು ಸಂಖ್ಯೆ ........ ದಿನಾಂಕ ........ (ನನಗೆ ತಲುಪಿದ ದಿನಾಂಕ ........).

ಮಾನ್ಯರೇ,

ಉಲ್ಲೇಖಿತ ನೋಟೀಸಿನಲ್ಲಿ ಸದರಿ ಸ್ವತ್ತಿಗೆ ರೂ. ........ ತೆರಿಗೆ ನಿರ್ಧರಿಸಲಾಗಿದ್ದು, ಅದರಲ್ಲಿ ಈ ಕೆಳಕಂಡ ವಿವರಗಳು ವಾಸ್ತವಕ್ಕೆ ಅನುಗುಣವಾಗಿರುವುದಿಲ್ಲ:
(1) ದಾಖಲೆಯಲ್ಲಿರುವ ವಿವರ ........ ಸರಿಯಾದ ವಿವರ ........ ಆಧಾರ: ಲಗತ್ತು 1.
(2) ........

ಸರಿಯಾದ ವಿವರಗಳ ಪ್ರಕಾರ ತೆರಿಗೆಯು ರೂ. ........ ಆಗುತ್ತದೆ (ಲೆಕ್ಕದ ಪಟ್ಟಿ ಲಗತ್ತಿಸಿದೆ). ಆದುದರಿಂದ ನನ್ನ ಸಮಕ್ಷಮ ಸ್ಥಳ ಪರಿಶೀಲನೆ ನಡೆಸಿ, ನನ್ನ ಅಹವಾಲನ್ನು ಆಲಿಸಿ, ದಾಖಲೆಯನ್ನು ತಿದ್ದಿ ತೆರಿಗೆಯನ್ನು ಪರಿಷ್ಕರಿಸಬೇಕೆಂದೂ, ಹೆಚ್ಚಾಗಿ ಪಾವತಿಸಿದ ಮೊತ್ತವಿದ್ದಲ್ಲಿ ಮುಂದಿನ ಸಾಲಿನ ತೆರಿಗೆಗೆ ಹೊಂದಾಣಿಕೆ ಮಾಡಬೇಕೆಂದೂ ಕೋರುತ್ತೇನೆ."

ಅರ್ಜಿಯನ್ನು ಎರಡು ಪ್ರತಿಗಳಲ್ಲಿ ಸಿದ್ಧಪಡಿಸಿ, ಟಪಾಲು ಶಾಖೆಯಲ್ಲಿ ಸಲ್ಲಿಸಿ, ಒಂದು ಪ್ರತಿಯ ಮೇಲೆ ಮೊಹರು, ದಿನಾಂಕ ಮತ್ತು ಸಹಿಯೊಂದಿಗೆ ಸ್ವೀಕೃತಿ ಪಡೆಯತಕ್ಕದ್ದು. ಮೂಲ ದಾಖಲೆಗಳನ್ನು ಯಾವ ಕಾರಣಕ್ಕೂ ಕೊಡದೆ ನಕಲುಗಳನ್ನೇ ಲಗತ್ತಿಸುವುದು.

9. ಸ್ಥಳ ಪರಿಶೀಲನೆ ಮತ್ತು ವಿಚಾರಣೆ

ಪರಿಶೀಲನೆಗೆ ಬಂದ ಕಂದಾಯ ನಿರೀಕ್ಷಕರೊಂದಿಗೆ ಖುದ್ದಾಗಿ ಹಾಜರಿದ್ದು, ಅಳತೆ ಟೇಪಿನ ಇನ್ನೊಂದು ತುದಿಯನ್ನು ತಾವು ಅಥವಾ ಮನೆಯವರು ಹಿಡಿಯುವುದು ಒಳ್ಳೆಯದು. ಅಳತೆಗಳನ್ನು ಆಗಲೇ ಬರೆದುಕೊಂಡು, ವರದಿಗೆ ಸಹಿ ಮಾಡುವ ಮುನ್ನ ಪೂರ್ತಿ ಓದತಕ್ಕದ್ದು. ಒಪ್ಪಿಗೆಯಾಗದ ಅಂಶವಿದ್ದಲ್ಲಿ ಸಹಿಯ ಜೊತೆಯಲ್ಲೇ ಅದನ್ನು ಬರೆಯುವುದು.

ಮಾಲೀಕರ ಅಹವಾಲನ್ನು ಆಲಿಸದೆ ಅವರಿಗೆ ಪ್ರತಿಕೂಲವಾದ ಆದೇಶ ಮಾಡುವಂತಿಲ್ಲ ಎಂಬುದು ಸಹಜ ನ್ಯಾಯದ ತತ್ವ. ವಿಚಾರಣೆಗೆ ಸ್ವತಃ ಅಥವಾ ಅಧಿಕೃತ ಪ್ರತಿನಿಧಿಯ ಮೂಲಕ ಹಾಜರಾಗಬಹುದು. ಆದೇಶವು ಲಿಖಿತವಾಗಿಯೂ ಸಕಾರಣವಾಗಿಯೂ ಇರತಕ್ಕದ್ದು. "ಪರಿಶೀಲಿಸಿ ತಿರಸ್ಕರಿಸಲಾಗಿದೆ" ಎಂಬ ಒಂದೇ ಸಾಲಿನ ಹಿಂಬರಹ ಬಂದಲ್ಲಿ, ಕಾರಣಗಳನ್ನೊಳಗೊಂಡ ಆದೇಶದ ದೃಢೀಕೃತ ನಕಲನ್ನು ಲಿಖಿತವಾಗಿ ಕೋರುವುದು.

10. ಮೇಲ್ಮನವಿ

ಆದೇಶದಿಂದ ಬಾಧಿತರಾದವರು ಆಯಾ ಅಧಿನಿಯಮದಲ್ಲಿ ಗೊತ್ತುಪಡಿಸಿದ ಪ್ರಾಧಿಕಾರದ ಮುಂದೆ, ಗೊತ್ತುಪಡಿಸಿದ ಅವಧಿಯೊಳಗೆ ಮೇಲ್ಮನವಿ ಸಲ್ಲಿಸಬಹುದು. ಮಹಾನಗರ ಪಾಲಿಕೆಗಳಲ್ಲಿ ತೆರಿಗೆ, ಹಣಕಾಸು ಮತ್ತು ಅಪೀಲುಗಳ ಸ್ಥಾಯಿ ಸಮಿತಿ ಎಂಬ ಶಾಸನಬದ್ಧ ಸಮಿತಿ ಇರುತ್ತದೆ. ನಗರಸಭೆ, ಪುರಸಭೆ ಮತ್ತು ಪಟ್ಟಣ ಪಂಚಾಯಿತಿಗಳ ಮೇಲ್ವಿಚಾರಣೆಯನ್ನು ಜಿಲ್ಲಾಧಿಕಾರಿಗಳ ಕಚೇರಿಯ ಜಿಲ್ಲಾ ನಗರಾಭಿವೃದ್ಧಿ ಕೋಶವು ನೋಡಿಕೊಳ್ಳುತ್ತದೆ. ಅರ್ಜಿಯು ವಿಲೇವಾರಿಯಾಗದೆ ಉಳಿದಲ್ಲಿ ಅಲ್ಲಿಗೆ ದೂರು ಸಲ್ಲಿಸಬಹುದು. ಆದೇಶದಲ್ಲಿ ಮೇಲ್ಮನವಿ ಪ್ರಾಧಿಕಾರ ಮತ್ತು ಅವಧಿಯನ್ನು ನಮೂದಿಸದಿದ್ದಲ್ಲಿ, ಆದೇಶ ತಲುಪಿದ ವಾರದೊಳಗೇ ಲಿಖಿತವಾಗಿ ಕೇಳಿ ತಿಳಿದುಕೊಳ್ಳತಕ್ಕದ್ದು.

ಮೇಲ್ಮನವಿಯೊಂದಿಗೆ ಆದೇಶದ ದೃಢೀಕೃತ ನಕಲು, ಆಕ್ಷೇಪಣೆಯ ಸ್ವೀಕೃತಿ ಪ್ರತಿ, ಪುರಾವೆಗಳು ಮತ್ತು ತೆರಿಗೆ ಪಾವತಿಯ ರಸೀದಿ ಇರಬೇಕು. ಆಕ್ಷೇಪಣೆಯ ಹಂತದಲ್ಲಿ ಎತ್ತದ ಅಂಶಗಳನ್ನು ಮೇಲ್ಮನವಿಯಲ್ಲಿ ಹೊಸದಾಗಿ ಎತ್ತುವುದು ಕಷ್ಟಕರ. ಆದುದರಿಂದ ಎಲ್ಲಾ ಅಂಶಗಳನ್ನೂ ಮೊದಲ ಅರ್ಜಿಯಲ್ಲಿಯೇ ಸೇರಿಸತಕ್ಕದ್ದು.

ಸಂವಿಧಾನದ 226ನೇ ಅನುಚ್ಛೇದದ ಅನ್ವಯ ಉಚ್ಚ ನ್ಯಾಯಾಲಯದ ಬೆಂಗಳೂರು, ಧಾರವಾಡ ಅಥವಾ ಕಲಬುರಗಿ ಪೀಠದ ಮುಂದೆ ರಿಟ್ ಅರ್ಜಿ ಸಲ್ಲಿಸಲು ಅವಕಾಶವಿದೆ. ಆದರೆ ಕಾನೂನಿನಲ್ಲಿರುವ ಮೇಲ್ಮನವಿಯ ಹಂತಗಳನ್ನು ಪೂರೈಸದೆ ಬಂದ ಅರ್ಜಿಗಳನ್ನು ನ್ಯಾಯಾಲಯವು ಸಾಮಾನ್ಯವಾಗಿ ಪುರಸ್ಕರಿಸುವುದಿಲ್ಲ.

11. ವಿವಾದದ ಅವಧಿಯಲ್ಲಿ ತೆರಿಗೆ ಪಾವತಿ

ಆಕ್ಷೇಪಣೆ ಸಲ್ಲಿಸಿದ ಮಾತ್ರಕ್ಕೆ ತೆರಿಗೆ ವಸೂಲಿ ನಿಲ್ಲುವುದಿಲ್ಲ. ಏಪ್ರಿಲ್ ತಿಂಗಳೊಳಗೆ ಪೂರ್ಣ ತೆರಿಗೆ ಪಾವತಿಸಿದವರಿಗೆ ಶೇಕಡಾ 5ರ ರಿಯಾಯಿತಿ ದೊರೆಯುತ್ತದೆ. ಮೇ ಮತ್ತು ಜೂನ್ ತಿಂಗಳುಗಳಲ್ಲಿ ದಂಡವಿಲ್ಲದೆ ಪಾವತಿಸಬಹುದು. ಜುಲೈನಿಂದ ತಿಂಗಳಿಗೆ ಶೇಕಡಾ 2ರಂತೆ ಹೆಚ್ಚುವರಿ ಮೊತ್ತ ಸೇರುತ್ತದೆ. ಕೆಲವು ವರ್ಷಗಳಲ್ಲಿ ಸರ್ಕಾರವು ರಿಯಾಯಿತಿಯ ಅವಧಿಯನ್ನು ವಿಸ್ತರಿಸಿರುವುದುಂಟು. ತಿಂಗಳಿಗೆ ಶೇಕಡಾ 2 ಎಂದರೆ ವರ್ಷಕ್ಕೆ ಶೇಕಡಾ 24. ಆದುದರಿಂದ ತಮ್ಮ ಲೆಕ್ಕದಂತೆ ನಿರ್ವಿವಾದವಾಗಿ ಸಲ್ಲಬೇಕಾದ ಮೊತ್ತವನ್ನು, "ಆಕ್ಷೇಪಣೆಗೆ ಒಳಪಟ್ಟು ಪಾವತಿಸಲಾಗಿದೆ" ಎಂಬ ಪತ್ರದೊಂದಿಗೆ ಸಕಾಲದಲ್ಲಿ ಪಾವತಿಸುವುದು ಹಿತಕರ. ಭಾಗಶಃ ಮೊತ್ತವನ್ನು ಸ್ವೀಕರಿಸದಿದ್ದಲ್ಲಿ, ಪೂರ್ಣ ಮೊತ್ತವನ್ನು ಇದೇ ಒಕ್ಕಣೆಯೊಂದಿಗೆ ಪಾವತಿಸಿ ಹೊಂದಾಣಿಕೆ ಕೋರಬಹುದು.

12. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಖಾತೆಯು ತೀರಿಕೊಂಡ ನನ್ನ ತಂದೆಯವರ ಹೆಸರಿನಲ್ಲಿದೆ. ನಾನು ಆಕ್ಷೇಪಣೆ ಸಲ್ಲಿಸಬಹುದೇ?
ಉತ್ತರ: ವಾರಸುದಾರರೆಂಬ ನೆಲೆಯಲ್ಲಿ, ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷದ ಪ್ರತಿಯೊಂದಿಗೆ ಸಲ್ಲಿಸಬಹುದು. ಜೊತೆಗೆ ಖಾತೆ ಬದಲಾವಣೆಗೂ ಅರ್ಜಿ ಸಲ್ಲಿಸುವುದು.

ಪ್ರಶ್ನೆ: ನೆರೆಯವರ ತೆರಿಗೆ ನನ್ನದಕ್ಕಿಂತ ಕಡಿಮೆ ಇದೆ. ಇದು ಸಾಕೇ?
ಉತ್ತರ: ಇದು ತಪ್ಪಿನ ಸುಳಿವೇ ಹೊರತು ಪುರಾವೆಯಲ್ಲ. ವಿಸ್ತೀರ್ಣ, ವಯಸ್ಸು, ದರ್ಜೆ ಸಮಾನವಾಗಿದ್ದರೆ ಮಾತ್ರ ಹೋಲಿಕೆಗೆ ಬೆಲೆ.

ಪ್ರಶ್ನೆ: ಆಕ್ಷೇಪಣೆಗೆ ವಕೀಲರು ಬೇಕೇ?
ಉತ್ತರ: ಮೊದಲ ಹಂತದಲ್ಲಿ ಅವಶ್ಯಕತೆ ಇಲ್ಲ. ದಾಖಲೆಗಳು ಕ್ರಮವಾಗಿದ್ದರೆ ಮಾಲೀಕರೇ ಸಲ್ಲಿಸಬಹುದು.

ಪ್ರಶ್ನೆ: ತೆರಿಗೆ ಕಡಿಮೆಯಾದ ಆದೇಶ ಬಂದಿದೆ. ಇನ್ನೇನಾದರೂ ಮಾಡಬೇಕೇ?
ಉತ್ತರ: ಹೌದು. ತಿದ್ದುಪಡಿಯು ರಿಜಿಸ್ಟರಿನಲ್ಲಿಯೂ ಗಣಕಯಂತ್ರದ ದಾಖಲೆಯಲ್ಲಿಯೂ ಆಗಿದೆಯೇ ಎಂದು ಹೊಸ ಖಾತಾ ನಕಲು ಪಡೆದು ಖಚಿತಪಡಿಸಿಕೊಳ್ಳುವುದು. ಇಲ್ಲವಾದಲ್ಲಿ ಮುಂದಿನ ಏಪ್ರಿಲ್‌ನಲ್ಲಿ ಹಳೆಯ ಬೇಡಿಕೆಯೇ ಮರಳಿ ಬರುತ್ತದೆ.

ಸೂಚನೆ: ಆಸ್ತಿ ತೆರಿಗೆಯ ರಸೀದಿಯು ಸ್ವತ್ತಿನ ಮಾಲೀಕತ್ವಕ್ಕೆ ಹಕ್ಕುಪತ್ರವಲ್ಲ. ಆದರೂ ಕಟ್ಟಡದ ವಯಸ್ಸು, ಉಪಯೋಗ ಮತ್ತು ವಿಸ್ತೀರ್ಣವನ್ನು ರುಜುವಾತುಪಡಿಸಲು ಹಳೆಯ ರಸೀದಿಗಳೇ ಹಲವು ವೇಳೆ ಆಧಾರವಾಗುತ್ತವೆ. ಆದುದರಿಂದ ಪ್ರತಿ ವರ್ಷದ ರಸೀದಿ ಮತ್ತು ಘೋಷಣೆಯ ಪ್ರತಿಯನ್ನು ಒಂದೇ ಕಡತದಲ್ಲಿ ಜೋಪಾನವಾಗಿ ಇಟ್ಟುಕೊಳ್ಳಬೇಕೆಂದು ಸಾರ್ವಜನಿಕರಲ್ಲಿ ಕೋರಲಾಗಿದೆ. ಈ ಲೇಖನವು ಸಾಮಾನ್ಯ ತಿಳಿವಳಿಕೆಗಾಗಿ ಮಾತ್ರ ಇದ್ದು, ಅಧಿನಿಯಮ ಮತ್ತು ನಿಯಮಗಳ ಉಪಬಂಧಗಳೇ ಅಂತಿಮವಾಗಿರುತ್ತವೆ.